ಚಿಕ್ಕ ಪರದೆಯ ದೋಣಿ

ಅತ್ತೆ,

ಶಿರಸಿಯಿಂದ ನಿನ್ನ ಅಣ್ಣನ ಮಗ, ನಿನ್ನ ಮಾಣಿ, ಬರೆಯುತ್ತಿದ್ದೇನೆ. ನೀನಿದ್ದಾಗ ಫೋನಿನಲ್ಲಿ ಎರಡು ಮಾತಾಡಲೂ ಪುರುಸೊತ್ತಿಲ್ಲದವನು ಈಗ ಕಾಗದ ಹಿಡಿದು ಕೂತಿದ್ದಾನೆ ಎಂದು ನಗಬೇಡ. ನಕ್ಕರೂ ಸರಿಯೇ. ನಾವು ನಿನ್ನನ್ನು ನೋಡಿ ನಕ್ಕಷ್ಟು ನೀನು ನಗಲಾರೆ.

ಸಿದ್ದಾಪುರದಲ್ಲಿ ನಿನ್ನ ಹೊಲಿಗೆ ಅಂಗಡಿ ಮೆಟ್ಟಿಲ ಕೆಳಗಿತ್ತಲ್ಲ, ಅದರ ಬಾಗಿಲು ನೆನಪಿದೆಯೇ? ಬಂದಾಗಲೆಲ್ಲ ನನ್ನ ಹಣೆ ಚೌಕಟ್ಟಿಗೆ ಬಡಿಯುತ್ತಿತ್ತು. "ತಗ್ಗಿ ಬಾ ಮಾಣಿ, ತಗ್ಗಿ ಬಾ" ಎಂದು ಮಶಿನ್ ನಿಲ್ಲಿಸದೆಯೇ ಕೂಗುತ್ತಿದ್ದೆ. ಕೈಯಲ್ಲಿ ಹಿಡಿದು ಆಡುವ ಆ ವಿಡಿಯೋ ಗೇಮನ್ನು ನಾನು ತಂದುಕೊಟ್ಟದ್ದೂ ಅಲ್ಲಿಗೇ. ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಯಾರೋ ಮಾರಿಹೋಗಿದ್ದು. ಗಿರಾಕಿಗಳಿಲ್ಲದ ಮಧ್ಯಾಹ್ನ ನಿನಗೆ ಹೊತ್ತು ಹೋಗಲಿ ಎಂದು ಕೊಟ್ಟೆ. ಲಾಟೀನು ಹಿಡಿದ ಮುದುಕ ಗುಹೆಯಿಂದ ಗುಹೆಗೆ ಹೋಗುವ ಆಟ. ಅದರ ಇಂಗ್ಲಿಷ್ ಹೆಸರು ನಿನ್ನ ನಾಲಗೆಯಲ್ಲಿ ತಿರುಗದೆ ನಮಗೆಲ್ಲ ಅದು 'ಲಾಟೀನು ಆಟ'ವೇ ಆಯಿತು. ನಮ್ಮನೆಯಲ್ಲಿ ಟಿವಿಗೆ ಜೋಡಿಸುವ ದೊಡ್ಡ ಯಂತ್ರಕ್ಕೂ ಆ ಆಟ ಇತ್ತು. ಡಬ್ಬಿಯ ಮೇಲೆ ಅದೇ ಹೆಸರು, ಅದೇ ಮುದುಕ.

ಆ ವರ್ಷ ಚೌತಿಗೆ ನೀನು ಬಂದಿದ್ದೆ. ಊಟ ಮುಗಿದು ಎಲ್ಲರೂ ಎಲೆಯಡಿಕೆ ಹಾಕುತ್ತ ಕೂತಿದ್ದಾಗ ಎಷ್ಟು ಆಸೆಯಿಂದ ಕೇಳಿದೆ! "ಮಾಣಿ, ಆ ಮುದ್ಕ ದೋಣಿಲಿ ಹೊಳೆ ದಾಟಿದ ಮೇಲೆ ಒಂದು ಬಾಗ್ಲು ಇದ್ದಲ, ಅದ್ನ ಹೇಂಗೆ ದಾಟದು?"

"ದೋಣಿಯಾ? ಅದ್ರಲ್ಲಿ ದೋಣಿನೇ ಇಲ್ಲೆ ಅತ್ತೆ."

"ಇದ್ದು. ಆನು ನೋಡಿದ್ದಿ."

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಟಿವಿ ಹಚ್ಚಿ, ಮೊದಲ ಗುಹೆಯಿಂದ ಕೊನೆಯ ಗುಹೆಯವರೆಗೆ ಎಲ್ಲರೆದುರು ಆಡಿ ತೋರಿಸಿದೆ. "ಎಲ್ಲಿದ್ದು ದೋಣಿ? ಮೊದ್ಲು ಕನ್ನಡಕ ಬದ್ಲಾಯ್ಸು ಅತ್ತೆ" ಎಂದೆ. ಮನೆಯೆಲ್ಲ ನಗು. ನೀನೂ ನಕ್ಕೆ. "ಎಂಗೇ ತಪ್ಪು ಕಂಡಿಕ್ಕು" ಎಂದು ಎದ್ದು, ಲೋಟಗಳನ್ನು ಒಟ್ಟುಮಾಡಿಕೊಂಡು ಒಳಗೆ ಹೋದೆ. ಒಳಗೆ ಹೋಗಿ ಏನು ಮಾಡಿದೆಯೋ... ನಾನು ನೋಡಲು ಬರಲಿಲ್ಲ.

ಅಂದಿನಿಂದ ಯಾರಾದರೂ ಬುರುಡೆ ಬಿಟ್ಟರೆ ನಮ್ಮ ನೆಂಟರಲ್ಲಿ "ದೋಣಿ ಬಂತು" ಎನ್ನುವುದು ರೂಢಿಯಾಯಿತು. ಆ ಮಾತು ಹುಟ್ಟಿಸಿದವನು ನಾನೇ. ನಿನ್ನೆದುರೇ ಎಷ್ಟು ಸಲ ಆಡಿದ್ದೇವೆ! ನಿನ್ನ ಹದಿಮೂರನೆಯ ದಿನದ ಊಟದಲ್ಲೂ ಪಂಕ್ತಿಯ ಆಚೆ ಕಡೆಯಿಂದ ಯಾರೋ ಹಾಗೆಂದರು. ನಾನು ನಕ್ಕೆ ಅತ್ತೆ. ಬಾಯಲ್ಲಿ ನಿನ್ನ ಹೆಸರಿನ ಅನ್ನ ಇಟ್ಟುಕೊಂಡು ನಕ್ಕೆ.

ಹೋದ ತಿಂಗಳು ಯಲ್ಲಾಪುರಕ್ಕೆ ಹೋದಾಗ ನಿನ್ನ ಮಗಳು ಸುಮಾ ಒಂದು ಚೀಲ ಕೊಟ್ಟಳು. ರವಿಕೆ ಬಟ್ಟೆಯ ತುಂಡುಗಳನ್ನು ಸೇರಿಸಿ ನೀನೇ ಹೊಲಿದದ್ದು. ಒಳಗೆ ಅದೇ ಯಂತ್ರ. ಆಟ ಬಿಟ್ಟೇಬಿಟ್ಟೆ ಎಂದಿದ್ದೆಯಲ್ಲ? "ಎಲ್ಲ ನೆಗ್ಯಾಡ್ತ ಹೇಳಿ ಅಮ್ಮ ಬಾಗ್ಲು ಹಾಕ್ಯಂಡು ಆಡ್ತಿತ್ತು" ಎಂದಳು ಸುಮಾ. ನನಗೆ ಅವಳ ಮುಖ ನೋಡಲಾಗಲಿಲ್ಲ.

ಮನೆಗೆ ಬಂದು ಚಾರ್ಜಿಗೆ ಹಾಕಿ, ನೀನು ನಿಲ್ಲಿಸಿದಲ್ಲಿಂದಲೇ ಆಟ ತೆರೆದೆ. ಮುದುಕ ಒಂದು ಬಾಗಿಲೆದುರು ನಿಂತಿದ್ದ. ಹಿಂದೆ ಹೊಳೆ. ದಡದಲ್ಲಿ ದೋಣಿ.

ಆಮೇಲೆ ಹುಡುಕಿ ಓದಿದೆ. ಕೈಯಲ್ಲಿ ಹಿಡಿಯುವುದಕ್ಕೆಂದು ಆ ಆಟವನ್ನು ಬೇರೆಯಾಗಿಯೇ ಮಾಡಿದ್ದರಂತೆ. ಕೆಲವು ಗುಹೆ ಕೈಬಿಟ್ಟು, ದೊಡ್ಡದರಲ್ಲಿ ಇಲ್ಲದ್ದನ್ನು ಸೇರಿಸಿದ್ದರಂತೆ. ಇದು ನನಗೆ ಗೊತ್ತಿರಲಿಲ್ಲ ನಿಜ. ಆದರೆ ಅದೂ ಒಂದು ನೆಪ. ಚೌತಿಯಂದು ಯಂತ್ರ ನಿನ್ನ ಚೀಲದಲ್ಲೇ ಇತ್ತು. ತೋರಿಸಲೆಂದು ನೀನು ಜಿಪ್ಪಿಗೆ ಕೈ ಹಾಕಿದ್ದನ್ನು ನಾನು ನೋಡಿದ್ದೆ. "ಇರ್ಲಿ ಬಿಡು ಅತ್ತೆ" ಎಂದು ತಡೆದವನೂ ನಾನೇ. ಎಲ್ಲರೂ ನಗುತ್ತಿರುವಾಗ ನನ್ನದು ತಪ್ಪಾಗುವುದು ನನಗೆ ಬೇಕಿರಲಿಲ್ಲ. ಇದನ್ನು ಹೆಂಡತಿಗೂ ಹೇಳಿಲ್ಲ. ನಾಚಿಕೆಯಾಗುತ್ತದೆ.

ಬರುವ ತಿಂಗಳು ಸುಮಾಳ ಮನೆಯಲ್ಲಿ ನಿನ್ನ ವರ್ಷಾಂತದ ಶ್ರಾದ್ಧ. ಆ ಚೌತಿಯಂದು ನಕ್ಕವರೆಲ್ಲ ಬರುತ್ತಾರೆ. ಊಟವಾದ ಮೇಲೆ ನಿನ್ನ ಯಂತ್ರವನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರಿಗೂ ದೋಣಿ ತೋರಿಸುತ್ತೇನೆ. ಜಿಪ್ಪಿನ ವಿಷಯವನ್ನೂ ಹೇಳುತ್ತೇನೆ. ನಗುವುದಿದ್ದರೆ ನನ್ನನ್ನು ನೋಡಿ ನಗಲಿ.

ಮತ್ತೆ ಆ ಬಾಗಿಲು. ನೀನು ಕೇಳಿದ್ದಕ್ಕೆ ನಾನು ಉತ್ತರವನ್ನೇ ಕೊಟ್ಟಿರಲಿಲ್ಲ. ಮೂರು ದಿನ ನಾನೂ ಸಿಕ್ಕ ಸಿಕ್ಕ ಗುಂಡಿ ಒತ್ತಿದೆ. ಅದಕ್ಕೆ ಬೀಗವೂ ಇಲ್ಲ, ಕೀಲಿಯೂ ಇಲ್ಲ ಅತ್ತೆ. ಬಾಗಿಲು ಮುದುಕನಿಗಿಂತ ಗಿಡ್ಡ, ಅಷ್ಟೇ. ಕೆಳಗಿನ ಗುಂಡಿ ಒತ್ತಿ ಹಿಡಿದೇ ಅವನನ್ನು ನಡೆಸಬೇಕು.

ತಗ್ಗಿ ಹೋಗಬೇಕು.