ಎಲ್ಲವೂ ಕ್ಷೇಮ ಎಂದದ್ದು ಸುಳ್ಳು, ಹುಕುಂ

ಮಾನ್ಯ ಶಾಸಕರೇ,

ನಮ್ಮ ಧೋಳಾಗಢದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರಿಲ್ಲ. ನನ್ನ ಸೊಸೆ ಕಂಚನ್‌ಗೆ ಈಗ ಎಂಟು ತಿಂಗಳು. ವಿಷಯ ಇಷ್ಟೇ. ಇಷ್ಟನ್ನು ತಮ್ಮ ಮುಖ ನೋಡಿ ಹೇಳಲು ಧೈರ್ಯವಾಗದೆ ಊರಿಗೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಕಳೆದ ಅಧಿವೇಶನದಲ್ಲಿ ತಾವು ಎದೆ ತಟ್ಟಿಕೊಂಡು, 'ನನ್ನ ಕ್ಷೇತ್ರದಿಂದ ಒಂದೇ ಒಂದು ದೂರಿಲ್ಲ' ಎಂದಿರಿ. ನಿಜ, ಒಂದೂ ಇಲ್ಲ. ಅರಸರು ಯೋಗಕ್ಷೇಮ ಕೇಳಿದರೆ 'ತಮ್ಮ ದಯೆ, ಎಲ್ಲಾ ಕ್ಷೇಮ' ಎನ್ನಬೇಕು, ಅವರ ಮುಂದೆ ಕೆಟ್ಟ ಸುದ್ದಿ ಆಡಿದರೆ ಅಪಶಕುನ ಎಂಬುದು ತಮ್ಮ ಮುತ್ತಜ್ಜನ ಕಾಲದ ಪದ್ಧತಿ. ಸಿಂಹಾಸನ ಹೋಯಿತು, ಬಿರುದುಗಳನ್ನು ಸರ್ಕಾರ ಕಿತ್ತುಕೊಂಡಿತು, ಅರ್ಧ ಅರಮನೆ ಹೋಟೆಲಾಗಿ ರಾಣಿವಾಸದ ಕೊಳದಲ್ಲಿ ವಿದೇಶಿಯರು ಚಡ್ಡಿ ಹಾಕಿಕೊಂಡು ಈಜುತ್ತಿದ್ದಾರೆ. ನಮ್ಮ ನಾಲಿಗೆಗೆ ಮಾತ್ರ ಸ್ವಾತಂತ್ರ್ಯದ ಸುದ್ದಿ ಇನ್ನೂ ಮುಟ್ಟಿಲ್ಲ. ಚುನಾವಣಾ ಸಭೆಯಲ್ಲಿ ತಾವು 'ನಾನು ರಾಜ ಅಲ್ಲ, ನಿಮ್ಮ ಸೇವಕ. ಅಣ್ಣಾ ಅಂತ ಕರೀರಿ' ಎಂದಾಗ ಇಡೀ ಮೈದಾನ ಏನೆಂದಿತು, ನೆನಪಿದೆಯೇ? ಅರಸರನ್ನು ಕರೆಯುವ ಹಳೇ ಮಾತಿನಲ್ಲೇ, 'ಅಪ್ಪಣೆ, ಹುಕುಂ!'

ತಮ್ಮ ಎದುರಾಳಿ ಪೇಮಾರಾಂ ಕಥೆ ಗೊತ್ತೇ ಇದೆ. ಪ್ರಚಾರದ ನಡುವೆ ತಮ್ಮ ಜೀಪು ಎದುರಾದೊಡನೆ ಚಪ್ಪಲಿ ಬಿಟ್ಟು ರಸ್ತೆಯಲ್ಲೇ ಬಾಗಿದರು. 'ಕ್ಷಮಿಸ್ಬೇಕು ಹುಕುಂ, ಪಾರ್ಟಿಯೋರು ಬಲವಂತ ಮಾಡಿ ನಿಲ್ಲಿಸಿದ್ರು. ನನ್ನ ವೋಟು ತಮಗೇ' ಎಂದರು. ತಮಗೇ ವೋಟು ಹಾಕಿದೆನೆಂದು ಈಗ ಪೇಟೆಯಲ್ಲೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಇಂಥ ವಿರೋಧ ಪಕ್ಷ ಯಾವ ದೇಶದಲ್ಲಿ ಸಿಕ್ಕೀತು?

ನಾನು ಬೇರೆ ಎಂದುಕೊಂಡಿದ್ದೆ. ಪೌರನೀತಿಯ ಮೇಷ್ಟ್ರು ನಾನು. ಪ್ರಜೆಗಳೇ ಪ್ರಭುಗಳು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿ ಮಾಡಿಸಿ ನಿವೃತ್ತನಾದವನು. 'ನೋಡ್ತಿರು, ಇವತ್ತು ಹೇಳಿಯೇ ಬರ್ತೀನಿ' ಎಂದು ಹೆಂಡತಿಗೆ ಹೇಳಿ ತಮ್ಮ ಸೋಮವಾರದ ಜನಸ್ಪಂದನಕ್ಕೆ ಹೊರಟೆ. ಕೇಸರಿ ಪೇಟ ಸುತ್ತಿ, ಅಜ್ಜನ ಮೀಸೆಯನ್ನೇ ಹೊತ್ತು ಬಂದ ತಾವು ನನ್ನ ಮುಂದೆ ನಿಂತಿರಿ.

'ಮಾಸ್ಟರ್‌ಜಿ, ಮನೇಲಿ ಎಲ್ಲಾ ಹೇಗಿದ್ದಾರೆ?'

ಅರಮನೆಯ ನಮಸ್ಕಾರವೇ ಬಾಯಿಗೆ ಬಂತು: 'ಖಮ್ಮಾ ಘಣಿ, ಹುಕುಂ. ತಮ್ಮ ದಯೆ, ಎಲ್ಲಾ ಕ್ಷೇಮ.'

'ಆಸ್ಪತ್ರೆ ಹೇಗೆ ನಡೀತಿದೆ?'

ಅಯ್ಯೋ, ತಾವಾಗಿಯೇ ಕೇಳಿದಿರಿ! ನನ್ನ ಹಾಳು ಬಾಯಿ ಹೇಳಿತು: 'ಸ್ವರ್ಗ, ಹುಕುಂ.'

ಮನೆಗೆ ಬಂದರೆ ಹೆಂಡತಿ ಗವರಾ ಬಾಗಿಲಲ್ಲೇ ಹಿಡಿದಳು. 'ಸ್ವರ್ಗ ಅಂದ್ರಾ? ಸರಿಯಾಗೇ ಹೇಳಿದ್ದೀರ ಬಿಡಿ. ಆಸ್ಪತ್ರೆಗೆ ಸೇರಿದೋರು ನೆಟ್ಟಗೆ ಅಲ್ಲಿಗೇ ಹೋಗೋದು!'

ಒಳಗಿನಿಂದ ಕಂಚನ್ ಎಂದಳು, 'ಅತ್ತೆ, ನಾನೇ ಹೋಗ್ತೀನಿ. ನಮ್ಮ ತವರೂರು ಬೇರೆ ಸಂಸ್ಥಾನ. ಇವರು ನಮಗೇನು ರಾಜರಲ್ವಲ್ಲ!'

ಮುಂದಿನ ಸೋಮವಾರ ಬಂದಳು. ಮುಸುಕು ಸರಿಸಿ, ನೆಟ್ಟಗೆ ನಿಂತು, 'ಆಸ್ಪತ್ರೇಲಿ ಡಾಕ್ಟರ್—' ಎಂದಳು. ಅಷ್ಟೇ. ಅಪಶಕುನದ ಮಾತು ತಮ್ಮ ಕಿವಿಗೆ ಬೀಳಬಾರದೆಂದು ಇಡೀ ಅಂಗಳ 'ಘಣೀ ಖಮ್ಮಾ, ಅನ್ನದಾತಾ!' ಎಂದು ಜೈಕಾರ ಹಾಕಿತು. ಅದರಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು, ಅವಳ ಮಾವ. ತಾವು ಕೈಮುಗಿದು ನಕ್ಕು ಮುಂದೆ ಹೋದಿರಿ. ಅಂದಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ನನಗೆ ನಾಚಿಕೆಯಾಗಿದೆ, ಮಾನ್ಯರೇ.

ಅವಳ ಸಿಟ್ಟಿಗೆ ಕಾರಣವಿದೆ. ಹೋದ ವರ್ಷ ಅವಳನ್ನು ಜಿಲ್ಲಾ ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲೇ, ಜೀಪಿನಲ್ಲೇ ಹೆರಿಗೆಯಾಯಿತು. ಹೆಣ್ಣುಮಗು, ಉಳಿಯಲಿಲ್ಲ. ಆ ವಾರ ತಮ್ಮ ವಾಹನ ನಮ್ಮ ಬೀದಿಯಲ್ಲಿ ನಿಂತಿತ್ತು. ಕಿಟಕಿ ಇಳಿಸಿ ಮನೆಯವರ ಬಗ್ಗೆ ವಿಚಾರಿಸಿದಿರಿ. ನಾನು ಆಗಲೂ ಅದೇ ಉತ್ತರ ಕೊಟ್ಟೆ. ಬಾಗಿಲ ಹಿಂದೆ ಅವಳು ನಿಂತು ಕೇಳಿಸಿಕೊಂಡಿದ್ದಳು.

ಆದ್ದರಿಂದ ನನ್ನ ಆಗ್ರಹ: ಈ ತಿಂಗಳೊಳಗೆ ನಮ್ಮ ಆಸ್ಪತ್ರೆಗೆ ಹೆರಿಗೆ ಡಾಕ್ಟರನ್ನು ಹಾಕಿಸಿ. ಈ ಪತ್ರ ಓದಿ ತಾವು ನನ್ನನ್ನು ಕರೆಸಿ, ನಿಜವೇ ಎಂದು ಕೇಳಬಹುದು. ಕೇಳಿದರೆ ನಾನು ಕೈಮುಗಿದು, ಎಲ್ಲಾ ಸುಳ್ಳು ಹುಕುಂ, ಆಸ್ಪತ್ರೆ ಚೆನ್ನಾಗಿದೆ ಎನ್ನುತ್ತೇನೆ. ದಯವಿಟ್ಟು ನನ್ನನ್ನು ನಂಬಬೇಡಿ. ಕಂಚನ್‌ಳನ್ನು ಕೇಳಿ. ಅವಳು ಮಾತು ಮುಗಿಸುವವರೆಗೆ ನನ್ನನ್ನು ಅಂಗಳದ ಆಚೆ ನಿಲ್ಲಿಸಿ.

ಇಂತಿ,
ಕಾಗದದ ಮೇಲೆ ಮಾತ್ರ ಸ್ವತಂತ್ರ ಪ್ರಜೆಯಾದ
ಜೇಠಮಲ್ ವ್ಯಾಸ್
ನಿವೃತ್ತ ಪೌರನೀತಿ ಶಿಕ್ಷಕ, ಧೋಳಾಗಢ