ಪೆನ್ ಡ್ರೈವ್ ಕಾಣದ ಕಂಪ್ಯೂಟರ್

ಹಳದೀಪುರ, ಜೂನ್ ೧೪, ಶನಿವಾರ

ಇವತ್ತೂ ಆಗಲಿಲ್ಲ. ಕಣ್ಣು ಕಾಣದ ತಮ್ಮ ಯೋಗೇಶನಿಗೆ ಕಂಪ್ಯೂಟರೇ ಪರದೆಯ ಅಕ್ಷರ ಓದಿ ಹೇಳಲಿ ಎಂದು, ವಿಂಡೋಸ್ ತೆಗೆದು ಪೆನ್ ಡ್ರೈವಿನಿಂದ ಲಿನಕ್ಸ್ ಹಾಕಲು ಹೊರಟೆ. ಹಳೆಯ ವಿಂಡೋಸ್ ಅಳಿಸಿಹೋದ ಮೇಲೆ, ಅರ್ಧದಲ್ಲಿ, ಪೆನ್ ಡ್ರೈವ್ ಸಿಗುತ್ತಿಲ್ಲ ಎಂದು ಕಂಪ್ಯೂಟರ್ ನಿಂತುಬಿಟ್ಟಿತು. ಮುಂದಿನ ತೂತು, ಹಿಂದಿನ ತೂತು, ಬೇರೆ ಪೆನ್ ಡ್ರೈವ್, ಎಲ್ಲ ನೋಡಿಯಾಯಿತು.

ಸಂಜೆ ಟಾರ್ಚ್ ಬಿಟ್ಟು ನೋಡಿದರೆ ಯುಎಸ್‌ಬಿ ತೂತುಗಳ ತುಂಬ ಜಿಡ್ಡು, ತೆಂಗಿನೆಣ್ಣೆಯ ವಾಸನೆ. ಮಳೆಗಾಲಕ್ಕೆ ಮುಂಚೆ ಮನೆಯ ಬೀಗ, ಚಿಲಕ, ಕತ್ತಿಗಳಿಗೆಲ್ಲ ಎಣ್ಣೆ ಬಿಡುವುದು ಯೋಗೇಶನ ಕೆಲಸ. ಒಂದೊಂದೇ ತೂತನ್ನು ಬೆರಳಲ್ಲಿ ತಡವಿ ಇದಕ್ಕೂ ಬಿಟ್ಟಿದ್ದಾನೆ. ಸ್ಪಿರಿಟ್ ಹಾಕಿ ಹತ್ತಿಯಲ್ಲಿ ಒರೆಸಿದೆ. ಊಹೂಂ.

ಅವನು ಇಡೀ ದಿನ ಪಕ್ಕದಲ್ಲೇ ಕೂತಿದ್ದ. "ಅಕ್ಕಾ, ಎಂತ ಆತು?"

ಬೈಯಲು ಬಾಯಿ ಬರಲಿಲ್ಲ. "ಒಳಗೆ ತುಕ್ಕು ಹಿಡ್ದದೆ ಕಾಣ್ತದೆ, ಮಾರಾಯ," ಎಂದೆ.

"ತುಕ್ಕಾ? ನಾ ಎಣ್ಣೆ ಬಿಟ್ಟಿದ್ದೆ ಅಲ್ದಾ?" ತೂತನ್ನು ಮತ್ತೆ ಬೆರಳಲ್ಲಿ ತಡವಿದ. "ಸಾಕಾಗ್ಲಿಲ್ಲ ಕಾಣ್ತದೆ. ನಾಳೆ ಮತ್ತೆ ಬಿಡ್ತೆ."

ಆತು ಎಂದುಬಿಟ್ಟೆ. ಎಣ್ಣೆ ಬಾಟಲಿಯನ್ನು ಅಡಗಿಸಿಡೋಣವೆಂದರೆ, ಅವನ ಕೈಗೆ ಸಿಗದ ಜಾಗ ಈ ಮನೆಯಲ್ಲಿ ಎಲ್ಲಿದೆ?