ಮೇಲಿನರ್ಧ ನಿಮ್ಮದು, ಕೆಳಗಿನರ್ಧ ನನ್ನದು

ಶನಿವಾರ, ಮಧ್ಯಾಹ್ನ

ಮೆಷಿನ್ನಿನ ಮೇಲಿನರ್ಧದ ಮಾಲೀಕರಿಗೆ ಕೆಳಗಿನರ್ಧದ ಮಾಲೀಕಳು ಮಾಡುವ ನಮಸ್ಕಾರಗಳು.

ರೀ, ಮೊದಲೇ ಹೇಳಿಬಿಡುತ್ತೇನೆ, ಇದು ಜಗಳದ ಪತ್ರ ಅಲ್ಲ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿರುವುದು ನಿಜ, ಆದರೆ ಅದು ಸಿಟ್ಟಿಗಲ್ಲ, ಖುಷಿಗೆ. ಮೈಮೇಲೆಲ್ಲ ಮರದ ಹೊಟ್ಟು ಹಾಗೇ ಇದೆ. ಕೊಡವಿಕೊಂಡು ಬಂದು ಬರೆಯುವಷ್ಟು ತಾಳ್ಮೆ ನನಗೆಲ್ಲಿದೆ, ನಿಮಗೇ ಗೊತ್ತಲ್ಲ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು-ಕಿಟಕಿ ಅಂಗಡಿಯವರು ಟೆಂಪೊ ತರುತ್ತಾರೆ. ನಮ್ಮ ಮರ ಕೀಸುವ ಮೆಷಿನ್ ಓಡಿಸಿ ನೋಡಿ, ಸರಿಯಿದ್ದರೆ ಅಲ್ಲೇ ಹಣ ಕೊಟ್ಟು ಹೊತ್ತುಕೊಂಡು ಹೋಗುತ್ತಾರೆ. ನಾವಿಬ್ಬರೂ ತಲೆಯಾಡಿಸಿದ ಮೇಲೆಯೇ ನಿಮ್ಮ ತಂಗಿ ಅವರಿಗೆ ಮಾತು ಕೊಟ್ಟದ್ದು, ಇಲ್ಲ ಅನ್ನುವುದಿಲ್ಲ. ಆದರೆ ಅದೊಂದು ಹೋದರೆ ನಮ್ಮಿಬ್ಬರಿಗೆ ಸೇರಿದ್ದು ಅಂತ ಈ ಲೋಕದಲ್ಲಿ ಇನ್ನೇನೂ ಉಳಿಯುವುದಿಲ್ಲ. ಅದು ಹೋಗಕೂಡದು. ಅದನ್ನು ಹೇಳುವುದಕ್ಕೇ ಬರೆಯುತ್ತಿದ್ದೇನೆ. ನೀವು ಗಡಿಯಾರ ರಿಪೇರಿಗೆ ಕೂತಾಗ ಮಾಡುವ ಹಾಗೆ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ತಪ್ಪು ಹುಡುಕಬೇಡಿ, ಸುಮ್ಮನೆ ಕೊನೆಯವರೆಗೆ ಓದಿ.

ಪತ್ರ ತರುವ ನಿಮ್ಮ ತಂಗಿ ಮುಂದಿನ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾಳೆ. "ಅತ್ತಿಗೆ, ಎರಡು ಸಾಲು ಅಂದ್ರಿ, ಎರಡನೇ ಹಾಳೆ ಹರೀತಿದೀರಲ್ಲ" ಅಂತ ಆಗಲೇ ಒಮ್ಮೆ ಕೂಗಿ ಆಯಿತು. ವಕೀಲರ ಆಫೀಸಿನಲ್ಲಿ ಟೈಪು ಮಾಡಿ ಮಾಡಿ ತಾನೂ ಅರ್ಧ ವಕೀಲಳೇ ಅಂದುಕೊಂಡಿದ್ದಾಳೆ. ನೀವು ಚೀಲ ಹೆಗಲಿಗೆ ಹಾಕಿಕೊಂಡು ಅವಳ ಮನೆ ಸೇರಿದ ಮರುವಾರವೇ ನಮ್ಮ ಸಾಮಾನು ಹಂಚಲು ಬಂದಳಲ್ಲ! ಗಡಿಯಾರಗಳೆಲ್ಲ ಅಣ್ಣನಿಗೆ, ಕುರ್ಚಿಗಳೆಲ್ಲ ಅತ್ತಿಗೆಗೆ ಅಂತ ಚಕಚಕನೆ ಹಂಚುತ್ತ ಹೋದವಳು ಶೆಡ್ಡಿಗೆ ಬಂದಾಗ ನಿಂತುಬಿಟ್ಟಳು. "ಇದು ಒಂದು ಮೆಷಿನ್ನೋ ಎರಡೋ?" ಅಂದಳು. ಮೇಲಿನ ಮೇಜಿನ ಮೇಲೆ ಹಲಗೆ ತಳ್ಳಿದರೆ ಅಡಿ ಮೈ ಕೀಸುವ ಜಾಯಿಂಟರ್, ಮೇಜನ್ನು ಎತ್ತಿ ಕೆಳಗಿನ ಬಾಯಿಗೆ ಕೊಟ್ಟರೆ ಮೇಲ್ಮೈ ಕೀಸುವ ಪ್ಲೇನರ್ ಅಂತ ನೀವು ವಿವರಿಸಿದಿರಿ. "ಹಾಗಾದ್ರೆ ಸುಲಭ ಆಯ್ತು. ಮೇಲಿಂದು ಅಣ್ಣನಿಗೆ, ಕೆಳಗಿಂದು ಅತ್ತಿಗೆಗೆ. ಬುಧವಾರ ಅಣ್ಣ, ಭಾನುವಾರ ಅತ್ತಿಗೆ. ಸರಿಹೋಗ್ಲಿಲ್ಲ ಅಂದ್ರೆ ಮಾರೋದು" ಅಂತ ತೀರ್ಪು ಕೊಟ್ಟಳು. ನನಗೆ ನಗು ಬಂದಿತ್ತು. ನಿಮ್ಮ ಮೀಸೆ ಅಲುಗಿದ್ದನ್ನೂ ನೋಡಿದೆ. ಇಬ್ಬರೂ ನಗಲಿಲ್ಲ. ಒಳಗೆ ತಿರುಗುವ ಬ್ಲೇಡು ಎರಡಕ್ಕೂ ಸೇರಿ ಒಂದೇ ಇರುವಾಗ ಅದು ಯಾರ ಪಾಲು ಅಂತ ಕೇಳುವ ಬುದ್ಧಿಯೂ ಯಾರಿಗೂ ಬರಲಿಲ್ಲ.

ಬ್ಲೇಡು ಅಂದ ಕೂಡಲೇ ನಿಮಗೆ ಮೊಳೆ ನೆನಪಾಗುತ್ತದೆ, ನೆನಪಾಗಲಿ. ರಸ್ತೆ ಕೊನೆಯ ಮರ ಗಾಳಿಗೆ ಬಿದ್ದಾಗ ನಾವಿಬ್ಬರೇ ಓಡಿಹೋಗಿ ಬೇಡಿ ತಂದ ಹಲಗೆಗಳವು. ಆ ಮರಕ್ಕೆ ಯಾವ ಕಾಲದಲ್ಲೋ ಯಾರೋ ಬೋರ್ಡು ಹೊಡೆದ ಮೊಳೆ ಒಳಗೆ ಹೂತಿದ್ದರೆ ಅದು ನನ್ನ ತಪ್ಪೇ? ಅಯಸ್ಕಾಂತ ಆಡಿಸಿ ನೋಡೋಣ ಅಂತ ನೀವು ಅಂದಿದ್ದಿರಿ, ಹೌದು. ನಾನು ಕೇಳದೆ ತಳ್ಳಿದೆ, ಅದೂ ಹೌದು. ಆದರೆ ಬ್ಲೇಡು ಮುಕ್ಕಾದದ್ದಕ್ಕೆ "ನಿನ್ನ ಕೈಗೆ ಕೊಟ್ಟ ಮೇಲೆ ಯಾವುದು ತಾನೇ ಉಳಿದಿದೆ" ಅಂದಿರಲ್ಲ, ಆ ಮಾತು ಬ್ಲೇಡಿನ ಬಗ್ಗೆ ಅಲ್ಲ ಅಂತ ನನಗೆ ಅರ್ಥವಾಯಿತು. ಡ್ರೈವಿಂಗ್ ಕಲಿಸುವವಳು ನಾನು. ದಿನವಿಡೀ ಇನ್ನೊಬ್ಬರ ಅವಸರಕ್ಕೆ ಬ್ರೇಕು ಹಾಕಿ ಬಂದವಳಿಗೆ ಮನೆಯಲ್ಲೂ ಬ್ರೇಕು ಹಾಕಿಸಿಕೊಂಡರೆ ಮೈ ಉರಿಯುತ್ತದೆ. ನಿಮ್ಮ ತಂಗಿ ಮನೆಗೆ ಹೋಗಿ ಅಂದೆ. ಹೋಗೇಬಿಡುತ್ತೀರಿ ಅಂತ ಅಂದುಕೊಂಡಿರಲಿಲ್ಲ.

ಹೋಗಲಿ, ಇವತ್ತಿನ ಸಮಾಚಾರಕ್ಕೆ ಬರುತ್ತೇನೆ.

ಇಷ್ಟು ಭಾನುವಾರ ನಾನೇನು ಮಾಡಿದೆ ಅಂತ ನಿಮಗೆ ಯಾರೂ ಹೇಳಿಲ್ಲ, ಏಕೆಂದರೆ ನಾನು ಯಾರಿಗೂ ಹೇಳಿಲ್ಲ. ಡ್ರೈವಿಂಗ್ ಸ್ಕೂಲಿನ ಆಫೀಸಿಗೆ ಒಂದು ಪುಸ್ತಕದ ಕಪಾಟು ಮಾಡುತ್ತೇನೆ ಅಂತ ಎಲ್ಲರೆದುರು ಜಂಬ ಕೊಚ್ಚಿಕೊಂಡಿದ್ದೆ. ಡೊಂಕು ಹಲಗೆ ತೆಗೆದುಕೊಂಡೆ, ನನ್ನ ಪಾಲಿನ ಕೆಳಗಿನ ಬಾಯಿಗೆ ಕೊಟ್ಟೆ. ಆಚೆಯಿಂದ ಬಂತು, ಗಾಜಿನಷ್ಟು ನುಣುಪು, ಆದರೆ ಡೊಂಕು ಹಾಗೇ ಇದೆ. ಇನ್ನೊಮ್ಮೆ ಕೊಟ್ಟೆ. ಇನ್ನಷ್ಟು ನುಣುಪು, ಅದೇ ಡೊಂಕು. ಹಠಕ್ಕೆ ಬಿದ್ದು ಕೊಡುತ್ತಲೇ ಹೋದೆ. ಕೊನೆಗೆ ಹಲಗೆ ಸ್ಕೇಲಿನಷ್ಟು ತೆಳ್ಳಗಾಯಿತೇ ಹೊರತು ನೆಟ್ಟಗಾಗಲಿಲ್ಲ. ನಾಯಿ ಬಾಲ ನಳಿಗೆಯಲ್ಲಿ ಇಟ್ಟರೂ ಅಷ್ಟೇ ಅಂತ ಬೈದುಕೊಂಡು ಎಲ್ಲವನ್ನೂ ಗೋಣಿಚೀಲದ ಹಿಂದೆ ಬಚ್ಚಿಟ್ಟೆ. ನೀವಿದ್ದಾಗ ಚೆನ್ನಾಗಿ ಓಡುತ್ತಿದ್ದ ಮೆಷಿನ್ನನ್ನು ನೀವೇ ಏನೋ ತಿರುಗಿಸಿ ಕೆಡಿಸಿದ್ದೀರಿ ಅಂತಲೂ ಅನುಮಾನ ಪಟ್ಟೆ, ಕ್ಷಮಿಸಿ. ಮಾರುವುದಕ್ಕೆ ತಲೆಯಾಡಿಸಿದ್ದು ಆ ಸಿಟ್ಟಿನಲ್ಲೇ.

ಇವತ್ತು ಬೆಳಿಗ್ಗೆ ಕೊಳ್ಳುವವರು ಬರುತ್ತಾರಲ್ಲ ಅಂತ ಶೆಡ್ಡು ಗುಡಿಸಲು ಹೋದೆ. ಮೂಲೆಯಲ್ಲಿ ಚಾದರ ಹೊದಿಸಿಟ್ಟ ಏನೋ ಕಂಡಿತು. ತೆಗೆದು ನೋಡಿದರೆ ನಿಮ್ಮ ಗಡಿಯಾರದ ಪೆಟ್ಟಿಗೆಯ ಹಲಗೆಗಳು! ಒಂದನ್ನು ಮೇಜಿನ ಮೇಲಿಟ್ಟೆ. ಅಂಟಿಸಿದ ಹಾಗೆ ಕೂತಿತು, ಅಡಿಯಲ್ಲಿ ಬೆಳಕಿನ ಗೆರೆಯೂ ಇಲ್ಲ. ಹೊಟ್ಟೆಕಿಚ್ಚಾಯಿತು. ಮಗುಚಿ ಹಾಕಿದೆ, ಆ ಮೈಯೂ ಹಾಗೇ ಕೂತಿತು. ಆಮೇಲೆ ಅಂಚನ್ನು ನೋಡಿದೆ ರೀ. ಒಂದು ತುದಿ ಹೆಬ್ಬೆರಳು ದಪ್ಪ, ಇನ್ನೊಂದು ತುದಿ ಕಿರುಬೆರಳು! ಕೂದಲೆಳೆಯಷ್ಟು ಸಂದು ಕಂಡರೆ ರಾತ್ರಿ ನಿದ್ದೆ ಮಾಡದ ಮನುಷ್ಯ, ನಿಮ್ಮ ಹಲಗೆ ಬಾಗಿಲ ಸಂದಿಗೆ ಸಿಕ್ಕಿಸುವ ಬೆಣೆಯಂತಿದೆ! ನಾನು ನೆಲದ ಮೇಲೆ ಕೂತು ನಕ್ಕೆ. ನೀವೂ ಬಚ್ಚಿಟ್ಟಿದ್ದೀರಿ. ನನ್ನ ಹಾಗೇ.

ನಗು ನಿಂತ ಮೇಲೆ ತಲೆಗೆ ಹೊಳೆಯಿತು. ನಿಮ್ಮ ಹಲಗೆಯ ನೆಟ್ಟಗಿನ ಮೈಯನ್ನು ಕೆಳಗೆ ಮಾಡಿ ನನ್ನ ಬಾಯಿಗೆ ಕೊಟ್ಟೆ. ಆಚೆಯಿಂದ ಬಂದ ಹಲಗೆಯನ್ನು ಹಿಡಿದು ನೋಡುತ್ತೇನೆ, ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ, ನೆಟ್ಟಗೆ, ಚಂದಕ್ಕೆ! ಕೆಳಗಿನ ಬಾಯಿ ಹಲಗೆಯನ್ನು ರೋಲರಿನಿಂದ ಅದುಮಿ ಹಿಡಿದು ಕೀಸುತ್ತದೆ. ಡೊಂಕು ಹಲಗೆ ಒಳಗಿರುವಾಗ ವಿಧೇಯವಾಗಿ ಮಲಗಿದ್ದು, ಹೊರಗೆ ಬಂದೊಡನೆ ಮತ್ತೆ ಸೊಟ್ಟಗೆ ಎದ್ದು ಕೂರುತ್ತದೆ, ನನ್ನ ಕೆಲವು ಶಿಷ್ಯರ ಹಾಗೆ. ನಿಮ್ಮ ಮೇಲಿನ ಮೇಜು ತನಗೆ ತಾಗಿದ ಮೈಯನ್ನಷ್ಟೇ ನೆಟ್ಟಗೆ ಮಾಡುತ್ತದೆ, ದಪ್ಪದ ಲೆಕ್ಕ ಅದಕ್ಕಿಲ್ಲ. ಮೊದಲು ಮೇಲೆ ಒಂದು ಮೈ ನೆಟ್ಟಗಾಗಬೇಕು, ಆಮೇಲಷ್ಟೇ ಕೆಳಗೆ.

ಇನ್ನು ತಡೆಯಲಾಗಲಿಲ್ಲ. ಒಪ್ಪಂದ ಮುರಿದೆ. ನಮ್ಮ ಊಟದ ಮೇಜಿಗೆಂದು ಒಣಗಲು ಪೇರಿಸಿಟ್ಟಿದ್ದ, ಆ ಬಿದ್ದ ಮರದ ಅಗಲದ ಹಲಗೆಗಳಲ್ಲಿ ಒಂದನ್ನು ಎಳೆದು, ನಿಮ್ಮ ಮೇಲಿನರ್ಧಕ್ಕೆ ಹತ್ತಿಸಿದೆ. ಅದಕ್ಕೆ ಮುಂಚೆ ಅದರ ಎರಡೂ ಮೈಗೆ ಅಯಸ್ಕಾಂತ ಆಡಿಸಿದೆ, ಇದನ್ನು ನಿಮ್ಮ ತಂಗಿಗೆ ಹೇಳಬೇಡಿ. ತಗ್ಗಿನ ಮೈ ಕೆಳಗೆ ಮಾಡಿ, ಹಲಗೆಯ ಮೇಲೆ ಹಿಡಿಕೆಗಳನ್ನು ಒತ್ತಿ, ನೀವು ಮಾಡುತ್ತಿದ್ದ ಹಾಗೆ ನಿಧಾನವಾಗಿ, ಹೌದು, ನಿಧಾನವಾಗಿ ತಳ್ಳಿದೆ. ಮೊದಲು ಬ್ಲೇಡು ಎರಡು ತುದಿಗಳನ್ನಷ್ಟೇ ಮುಟ್ಟಿತು, ನಡುವೆ ಬರೀ ಗಾಳಿಯ ಸದ್ದು. ಮತ್ತೆ ತಳ್ಳಿದೆ. ಸದ್ದು ತುದಿಗಳಿಂದ ನಡುವಿಗೆ ಹಬ್ಬುತ್ತ ಬಂತು. ಕೊನೆಯ ಸಲ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಕಡಿಯದೆ ಒಂದೇ ಉಸಿರಿನ ಸದ್ದು. ಮೇಜು ಎತ್ತಿ, ಹೊಟ್ಟು ಎಳೆಯುವ ಪೈಪು ಸಿಕ್ಕಿಸಿ, ಕೆಳಗೆ ಕೊಟ್ಟೆ. ರೀ, ನಮ್ಮ ಮೊದಲ ಹಲಗೆ ಸಿದ್ಧವಾಗಿದೆ! ಒಳಗಿನ ಗೆರೆಗಳು ಏನು ಚಂದ ಅಂತೀರಿ, ಹೊರಗಿನಿಂದ ಬೂದಿ ಬಡಿದಂತಿದ್ದ ಮರ ಒಳಗೆ ಜೇನಿನ ಬಣ್ಣ.

ಕೊನೆಯಲ್ಲಿ ಒಂದು ಬೆರಳಗಲ ಮಾತ್ರ ಬ್ಲೇಡು ಸ್ವಲ್ಪ ಹೆಚ್ಚು ಕಚ್ಚಿದೆ. ಆಚೆ ಕಡೆ ಹಿಡಿಯುವವರಿಲ್ಲದೆ ತುದಿ ಜೋತುಬಿತ್ತು. ಒಬ್ಬಳ ಕೈಯಲ್ಲಿ ಆಗುವುದಿಲ್ಲ, ಹಲಗೆ ಉದ್ದ ಇದೆ.

ಆಮೇಲೆ ಒಂದು ಯೋಚನೆ ಬಂದು ಅಳುವೂ ಬಂತು. ಮೂರು ವರ್ಷ ನೀವು ಮೇಲೆ ಮಾಡಿ ಕೊಡುತ್ತಿದ್ದಿರಿ, ನಾನು ಕೆಳಗೆ ತೂರಿಸುತ್ತಿದ್ದೆ. ನನ್ನ ಕೈಗೆ ಬರುವಾಗಲೇ ಹಲಗೆ ನೆಟ್ಟಗಿರುತ್ತಿತ್ತು. ನೆಟ್ಟಗೆ ಮಾಡುತ್ತಿರುವುದು ನಾನೇ ಅಂತ ನಾನು ತಿಳಿದಿದ್ದೆ. ದಪ್ಪ ಸಮ ಮಾಡುತ್ತಿರುವುದು ತಾವೇ ಅಂತ ನೀವು ತಿಳಿದಿದ್ದಿರಿ. ಒಂದೇ ಶೆಡ್ಡಿನಲ್ಲಿ ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರ ನಿಂತು, ಇನ್ನೊಬ್ಬರು ಏನು ಮಾಡುತ್ತಿದ್ದಾರೆ ಅಂತ ತಿರುಗಿ ನೋಡದ ಇಂಥ ಗಂಡಹೆಂಡಿರು ಇನ್ನೆಲ್ಲಾದರೂ ಇದ್ದಾರೆಯೇ? ನೀವು ಇಲ್ಲದ ಮನೆಯಲ್ಲಿ ನನಗೆ ಚೆನ್ನಾಗಿಲ್ಲ. ಬರೆದುಬಿಟ್ಟೆ, ಹೊಡೆದುಹಾಕುವುದಿಲ್ಲ.

ಇನ್ನೊಂದು ಮಾತು. ಈಚಿನ ಬುಧವಾರಗಳಲ್ಲಿ ನೀವು ಹೋಗುವಾಗ ಮೇಜುಗಳನ್ನು ಎತ್ತಿಟ್ಟು, ಭಾನುವಾರ ನನಗೆ ಭಾರ ಎತ್ತುವ ಕಷ್ಟ ಬೇಡವೆಂದು ಎಲ್ಲ ಅಣಿಮಾಡಿ ಹೋಗುತ್ತಿದ್ದೀರಿ. ಮುಕ್ಕಾದ ಬ್ಲೇಡು ಬದಲಾದದ್ದೂ ತಾನಾಗಿ ಅಲ್ಲ. ನಾನು ನೋಡಿಲ್ಲ ಅಂದುಕೊಳ್ಳಬೇಡಿ. ನೋಡಿಯೂ ಸುಮ್ಮನಿದ್ದೆ, ಬಿಂಕ.

ಪೇರಿಕೆಯಲ್ಲಿ ಇನ್ನೂ ಬೇಕಾದಷ್ಟು ಹಲಗೆ ಇದೆ. ಬನ್ನಿ ಅಂತ ನಾನು ಕರೆಯುತ್ತಿಲ್ಲ, ಹೋಗಿ ಅಂದವಳಿಗೆ ಬನ್ನಿ ಅನ್ನಲು ನಾಲಿಗೆ ಏಳುವುದಿಲ್ಲ. ಸಮಾಚಾರ ಮಾತ್ರ ತಿಳಿಸಿದ್ದೇನೆ.

ಇಂತಿ,
ನಿಮ್ಮ ಹೆಂಡತಿ
(ನಿಮ್ಮ ತಂಗಿ ಟೈಪು ಮಾಡಿದ ಒಪ್ಪಂದವನ್ನು ಮತ್ತೆ ಓದಿ ನೋಡಿದೆ, ಈ ಪದವನ್ನು ಅವಳು ಎಲ್ಲೂ ತೆಗೆದಿಲ್ಲ.)

ಮರೆತ ಮಾತು: ನಿಮ್ಮ ತಂಗಿ ಚಪ್ಪಲಿ ಮೆಟ್ಟುತ್ತಿದ್ದಾಳೆ, ಬೇಗ ಮುಗಿಸುತ್ತೇನೆ. ಇದರ ಜೊತೆ ಕಾಗದದ ಪೊಟ್ಟಣ ಇದೆ. ಏನು ಅಂತ ಅವಳು ಕೇಳಿದ್ದಕ್ಕೆ ಅಣ್ಣನ ಬೆಲ್ಟು ಅಂದೆ. ಬಿಚ್ಚಿ ನೋಡಿ. ಅದು ಮೋಟರಿನಿಂದ ಬ್ಲೇಡಿಗೆ ಹೋಗುವ ಬೆಲ್ಟು, ಈಗಷ್ಟೇ ಬಿಚ್ಚಿ ತಂದೆ. ಅದಿಲ್ಲದೆ ಮೆಷಿನ್ ತಿರುಗುವುದಿಲ್ಲ. ತಿರುಗದ ಮೆಷಿನ್ನನ್ನು ಅಂಗಡಿಯವರು ಮುಟ್ಟುವುದೂ ಇಲ್ಲ. ನಾನಾಗಿ ಮಾರುವುದಿಲ್ಲ ಅಂದರೆ ಕೊಟ್ಟ ಮಾತಿಗೆ ತಪ್ಪಿದವಳಾಗುತ್ತೇನೆ, ಅದಕ್ಕೇ ನಿಮ್ಮ ಕೈಗೆ ಕೊಟ್ಟಿದ್ದೇನೆ. ಹತ್ತು ಗಂಟೆಗೆ ತಂದರೆ ಅವರು ಓಡಿಸಿ ನೋಡಿ ಕೊಂಡುಹೋಗಲಿ, ನಾನು ಅಡ್ಡ ಬರುವುದಿಲ್ಲ. ಅದಕ್ಕಿಂತ ಮೊದಲೇ ತಂದರೆ ಎರಡನೆಯ ಹಲಗೆ ಹಿಡಿಯೋಣ. ನಾನು ಬೆಳಗಾದಾಗಿನಿಂದ ಶೆಡ್ಡಿನಲ್ಲೇ ಇರುತ್ತೇನೆ.